ಕಟ್ಟಡಕ್ಕೆ ದುಡ್ಡಿದೆ, ಮೇಷ್ಟ್ರಿಗಿಲ್ಲ ಅಂತ ಬೈಯುವ ಮುಂಚೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ) ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಚುನಾವಣೆ ಹತ್ತಿರ ಬಂತು ಅಂದರೆ ಒಂದು ಜಗಳ ಇದ್ದದ್ದೇ. ಯಾವುದೋ ಕಮ್ಯುನಿಟಿ ಕಾಲೇಜಿನವರು ಬಾಂಡ್ ಕೇಳಿರುತ್ತಾರೆ, ಅಂದರೆ ಕಟ್ಟಡಕ್ಕೆ ಸಾಲ ಎತ್ತಲು ಜನರ ವೋಟು; ಆ ಸಾಲ ತೀರುವುದು ನಮ್ಮ ಆಸ್ತಿ ತೆರಿಗೆ ಬಿಲ್ಲಿನಲ್ಲಿ. ಯಾರೋ ಒಬ್ಬರು ಆ ಕಾಲೇಜಿನ ಹೊಸ ಗಾಜಿನ ಕಟ್ಟಡದ ಫೋಟೊ ಹಾಕುತ್ತಾರೆ. ಅದರ ಕೆಳಗೇ, ಅದೇ ಕಾಲೇಜು ಇಷ್ಟು ಕ್ಲಾಸು ರದ್ದು ಮಾಡಿತು ಅನ್ನೋ ಸುದ್ದಿ. ಅದರ ಕೆಳಗೆ ಒಂದು ಸಾಲು: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು." ತಕ್ಷಣ ಹೆಬ್ಬೆರಳುಗಳ ಮಳೆ.

ಗಾದೆ ಏನೋ ಚೆನ್ನಾಗಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಮಲ್ಲಿಗೆಗೆ ಅಂತ ಕೊಟ್ಟ ದುಡ್ಡಲ್ಲಿ ಹಿಟ್ಟು ತರುವ ಹಾಗಿಲ್ಲ. ತಂದರೆ ಕಾನೂನು ಮುರಿದ ಹಾಗೆ. ಗ್ರೂಪಿನಲ್ಲಿ ಇದನ್ನು ಬಿಡಿಸಿ ಹೇಳೋಕೆ ಹೋದರೆ ಮಧ್ಯೆ ಯಾರದ್ದೋ ಹುಟ್ಟುಹಬ್ಬ ಬಂದುಬಿಡುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಮಾಡುವವಳು. ಆ ಕೆಲಸ ಕಲಿತದ್ದೂ ಇಂಥದೇ ಒಂದು ಕಾಲೇಜಿನಲ್ಲಿ. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ, ಇರಲಿ ಬಿಡಿ.

ಊರಿನಿಂದ ಓದುತ್ತಿರುವವರಿಗೆ ಎರಡು ಮಾತು. ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಯಾರು ಬೇಕಾದರೂ ಸೇರಬಹುದು. ಹೈಸ್ಕೂಲು ಮುಗಿಸಿದ ಹುಡುಗ, ಕೆಲಸ ಹೋದ ಐವತ್ತರ ಮೆಕ್ಯಾನಿಕ್, ಮಗು ಸ್ಕೂಲಿಗೆ ಹೋದಮೇಲೆ ಮನೆಯಲ್ಲಿ ಏನು ಮಾಡೋದು ಅಂತ ಕೂತಿದ್ದ ನನ್ನಂಥ, ಆಗ ಎಚ್-4ನಲ್ಲಿ (ಗಂಡನ ಕೆಲಸದ ವೀಸಾ ಜೊತೆ ಸಿಗುವ ವೀಸಾ) ಇದ್ದ ಹೆಂಗಸು, ಎಲ್ಲರೂ ಒಂದೇ ಬೆಂಚಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಲೇಜು 116 ಇವೆ. ಅವನ್ನು ನಡೆಸುವುದು, ಒಂದೊಂದು ಪ್ರದೇಶಕ್ಕೆ ಒಂದೊಂದು ಆಡಳಿತ ಮಂಡಳಿ ಅನ್ನುವ ಹಾಗೆ, 73 ಡಿಸ್ಟ್ರಿಕ್ಟ್‌ಗಳು. ಹೆಚ್ಚುಕಡಿಮೆ 20 ಲಕ್ಷ ಜನ ಓದುತ್ತಾರೆ. 1984ರವರೆಗೆ ರಾಜ್ಯದವರಿಗೆ ಇಲ್ಲಿ ಫೀಸೇ ಇರಲಿಲ್ಲ. ಪಾಠವನ್ನು ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ; ಈಗ ಒಂದು ಯೂನಿಟ್‌ಗೆ 46 ಡಾಲರ್. 2012ರಿಂದ ಅಷ್ಟೇ ಇದೆ. ವರ್ಷಕ್ಕೆ 30 ಯೂನಿಟ್ ಓದಿದರೂ 1,380 ಡಾಲರ್. ಆದಾಯ ಕಡಿಮೆ ಇರುವವರಿಗೆ ಅದೂ ಮಾಫಿ. ಎರಡು ವರ್ಷ ಇಲ್ಲಿ ಓದಿ ಮೂರನೇ ವರ್ಷಕ್ಕೆ ಯುಸಿಗೆ (ರಾಜ್ಯದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸೇರಿಕೊಳ್ಳಬಹುದು. ಡೇವಿಸ್, ಅರ್ವೈನ್, ಸಾಂಟಾ ಕ್ರೂಜ್ ಸೇರಿ ಆರು ಯುಸಿ ಕ್ಯಾಂಪಸ್‌ಗಳು, ಇಷ್ಟು ಗ್ರೇಡು ತಂದರೆ ಸೀಟು ಖಾತ್ರಿ ಅಂತ ಮುಂಚೆಯೇ ಒಪ್ಪಂದ ಮಾಡಿಕೊಳ್ಳುತ್ತವೆ.

ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಯುಗಾದಿ ಊಟದ ಪಂಕ್ತಿಯಲ್ಲಿ "ಮಗ ಕಮ್ಯುನಿಟಿ ಕಾಲೇಜು" ಅಂತ ಯಾರೂ ಹೇಳಲ್ಲ. ಎರಡು ವರ್ಷ ಸುಮ್ನಿದ್ದು, ಆಮೇಲೆ "ಡೇವಿಸ್‌ನಲ್ಲಿದ್ದಾನೆ" ಅಂತಾರೆ.

ಈಗ ದುಡ್ಡಿನ ಕಥೆಗೆ ಬರೋಣ. ಕಾಲೇಜಿಗೆ ಎರಡು ಬೇರೆ ಬೇರೆ ಖಾತೆ. ಒಂದು ದಿನನಿತ್ಯದ ಖರ್ಚಿನದು. ಸಂಬಳ, ಪಿಂಚಣಿ, ವಿಮೆ, ಕರೆಂಟು, ಕಸ ಗುಡಿಸುವುದು ಎಲ್ಲ ಇದರಲ್ಲೇ. ಇನ್ನೊಂದು ಬಾಂಡ್ ಖಾತೆ, ಕಟ್ಟಡಕ್ಕೆ. ಬಾಂಡ್ ಖಾತೆಯ ದುಡ್ಡು ಮೊದಲನೇದಕ್ಕೆ ಹೋಗಲ್ಲ. ಯಾಕೆ ಹೀಗಾಯಿತು ಅನ್ನೋದಕ್ಕೆ 1978ಕ್ಕೆ ಹೋಗಬೇಕು.

ಅದಕ್ಕೂ ಮುಂಚೆ ಕಾಲೇಜುಗಳು ತಮ್ಮ ಸುತ್ತಲಿನ ಆಸ್ತಿ ತೆರಿಗೆಯನ್ನೇ ಬಹಳ ಮಟ್ಟಿಗೆ ನಂಬಿಕೊಂಡಿದ್ದವು. ಬೇಕಾದರೆ ದರ ಏರಿಸಬಹುದಿತ್ತು. 1978ರ ಜೂನ್‌ನಲ್ಲಿ ಜನ ಪ್ರೊಪೊಸಿಷನ್ 13ಕ್ಕೆ (ಪ್ರೊಪೊಸಿಷನ್ ಅಂದರೆ ರಾಜ್ಯದ ಜನರೇ ನೇರವಾಗಿ ವೋಟು ಹಾಕಿ ತೀರ್ಮಾನಿಸುವ ಪ್ರಸ್ತಾವ) ವೋಟು ಹಾಕಿ ಪಾಸು ಮಾಡಿದರು. ಆಸ್ತಿ ತೆರಿಗೆ ಕೊಂಡ ಬೆಲೆಯ ಶೇ 1ಕ್ಕೆ ನಿಂತಿತು. ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ಇದರ ಬಿಸಿ ಈಚೆಗೆ ಮನೆ ತಗೊಂಡ ಎಲ್ಲರಿಗೂ ಗೊತ್ತು. ನಾವು ವರ್ಷಕ್ಕೆ 20 ಸಾವಿರ ಡಾಲರ್ ಕಟ್ಟುವ ಬೀದಿಯಲ್ಲೇ, ಎಂಬತ್ತರ ದಶಕದಲ್ಲಿ ಮನೆ ತಗೊಂಡ ಅಜ್ಜ ಅಷ್ಟೇ ದೊಡ್ಡ ಮನೆಗೆ ನಾಲ್ಕೈದು ಸಾವಿರ ಕಟ್ಟುತ್ತಾರೆ. ಅಜ್ಜನ ಮೇಲೆ ಕೋಪ ಇಲ್ಲ. ಅವರ ನಿಂಬೆಹಣ್ಣಲ್ಲೇ ನಮ್ಮ ಮನೆ ಚಿತ್ರಾನ್ನ ನಡೆಯುತ್ತಿದೆ.

ಅಲ್ಲಿಂದ ಮುಂದೆ ಕಾಲೇಜಿನ ಜುಟ್ಟು ರಾಜಧಾನಿ ಸ್ಯಾಕ್ರಮೆಂಟೊ ಕೈಗೆ ಹೋಯಿತು. 1988ರಲ್ಲಿ ಪ್ರೊಪೊಸಿಷನ್ 98 ಬಂತು. ರಾಜ್ಯದ ಜನರಲ್ ಫಂಡಿನ (ಮುಖ್ಯ ಖಜಾನೆಯ) ಸುಮಾರು ಶೇ 40 ಶಾಲೆ ಮತ್ತು ಕಮ್ಯುನಿಟಿ ಕಾಲೇಜಿಗೆ ಅಂತಾಯಿತು. ಅದರಲ್ಲಿ ಕಾಲೇಜುಗಳ ಪಾಲು ಶೇ 11ರ ಆಸುಪಾಸು. ಜನರಲ್ ಫಂಡ್ ನಿಂತಿರೋದು ಆದಾಯ ತೆರಿಗೆ ಮೇಲೆ. ಅದರಲ್ಲೂ ಶ್ರೀಮಂತರ ಆದಾಯದ ಮೇಲೆ, ಅಂದರೆ ಷೇರು ಪೇಟೆ ಮೇಲೆ. ನಮ್ಮ ಮನೆಗಳಲ್ಲಿ, ಕಂಪನಿ ಸಂಬಳದ ಜೊತೆ ಕೊಡುವ ಷೇರು, ಅಂದರೆ ಆರ್‌ಎಸ್‌ಯು ಬೆಲೆ ಬಿದ್ದ ವರ್ಷ ಹೊಸ ಕಾರಿನ ಮಾತು ನಿಲ್ಲುತ್ತದೆ ಅಲ್ವಾ, ಅದೇ ವರ್ಷ ಕಾಲೇಜಿನ ಬಜೆಟ್ಟೂ ನಡುಗುತ್ತದೆ. 2022ರಲ್ಲಿ ರಾಜ್ಯದ ಕೈ ತುಂಬಿತ್ತು. ಹಳೇ ಕಟ್ಟಡಗಳ ರಿಪೇರಿಗೆ ಅಂತ ಸುಮಾರು 84 ಕೋಟಿ ಡಾಲರ್ ಕೊಟ್ಟರು. ಮುಂದಿನ ವರ್ಷವೇ ಅದರಲ್ಲಿ ಅರ್ಧಕ್ಕೂ ಜಾಸ್ತಿ ವಾಪಸ್ ತಗೊಂಡರು. ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟವರು ಬಕೆಟ್ ಅಲ್ಲೇ ಬಿಟ್ಟರು.

2018ರಿಂದ ದುಡ್ಡು ಹಂಚಲು ಒಂದು ಹೊಸ ಸೂತ್ರ ಇದೆ. ಸುಮಾರು ಶೇ 70 ಎಷ್ಟು ಜನ ಓದುತ್ತಾರೆ ಅನ್ನುವುದರ ಮೇಲೆ, ಶೇ 20 ಬಡ ವಿದ್ಯಾರ್ಥಿಗಳ ಸಂಖ್ಯೆ ಮೇಲೆ, ಶೇ 10 ಎಷ್ಟು ಜನ ಮುಗಿಸಿದರು ಅನ್ನುವುದರ ಮೇಲೆ. ಕೋವಿಡ್ ಬಂದು ಜನವೇ ಕಡಿಮೆಯಾದಾಗ ಈ ಸೂತ್ರದ ಭಯ ಎಷ್ಟಿತ್ತು ಅಂತ ನೀವೇ ಊಹಿಸಿ.

ಇನ್ನು ಬಾಂಡ್ ಖಾತೆ. ಮುಂಚೆ ಸ್ಥಳೀಯವಾಗಿ ಇಂಥ ಸಾಲ ಎತ್ತಬೇಕಾದರೆ ಮೂರನೇ ಎರಡು ಭಾಗ ವೋಟು ಬೇಕಿತ್ತು. 2000ದ ನವೆಂಬರ್‌ನಲ್ಲಿ ಪ್ರೊಪೊಸಿಷನ್ 39 ಬಂದು ಶಾಲೆ ಕಾಲೇಜುಗಳ ಕಟ್ಟಡಕ್ಕೆ ಶೇ 55 ಸಾಕು ಅಂದಿತು. ಜೊತೆಗೆ ಷರತ್ತುಗಳು. ಏನೇನು ಕಟ್ಟುತ್ತೀರಿ ಅಂತ ಪಟ್ಟಿ ಕೊಡಬೇಕು. ಪ್ರತಿ ವರ್ಷ ಆಡಿಟ್ ಆಗಬೇಕು. ಸಂಬಳಕ್ಕಾಗಲಿ ದಿನನಿತ್ಯದ ಖರ್ಚಿಗಾಗಲಿ ಒಂದು ಸೆಂಟೂ ಮುಟ್ಟಬಾರದು. ಸಂಬಳಕ್ಕೆ ದುಡ್ಡು ಬೇಕು ಅಂತ ಕಾಲೇಜು ಜನರನ್ನೇ ಕೇಳಬೇಕಾದರೆ ಪಾರ್ಸೆಲ್ ಟ್ಯಾಕ್ಸ್ ಅಂತ ಬೇರೆ ದಾರಿ, ಅಂದರೆ ಆಸ್ತಿಯ ಬೆಲೆ ನೋಡದೆ ಪ್ರತಿ ಆಸ್ತಿಗೆ ಇಷ್ಟು ಅಂತ ಹಾಕುವ ತೆರಿಗೆ. ಅದಕ್ಕೆ ಇವತ್ತಿಗೂ ಮೂರನೇ ಎರಡು ಭಾಗ ವೋಟು ಬೇಕು.

ಇದು ಕಣ್ಣಿಗೆ ಕಟ್ಟುವ ಹಾಗೆ ನಡೆದದ್ದು ನಮ್ಮ ಕುಪರ್ಟಿನೊ, ಸನಿವೇಲ್ ಕಡೆಯ ಫುಟ್‌ಹಿಲ್–ಡಿ ಆಂಜಾ ಡಿಸ್ಟ್ರಿಕ್ಟ್‌ನಲ್ಲಿ, 2020ರ ಮಾರ್ಚ್‌ನಲ್ಲಿ. ಒಂದೇ ಬ್ಯಾಲೆಟ್, ಎರಡು ಪ್ರಶ್ನೆ. ಮೆಷರ್ ಜಿ: ಕಟ್ಟಡಕ್ಕೆ, ರಿಪೇರಿಗೆ 89.8 ಕೋಟಿ ಡಾಲರ್ ಸಾಲ ಎತ್ತಬಹುದಾ? ಮೆಷರ್ ಎಚ್: ಪ್ರತಿ ಆಸ್ತಿಗೆ ವರ್ಷಕ್ಕೆ 48 ಡಾಲರ್ ಹಾಕಿ ಆ ದುಡ್ಡನ್ನು ಶಿಕ್ಷಕರಿಗೆ, ವಿದ್ಯಾರ್ಥಿಗಳ ನೆರವಿಗೆ ಬಳಸಬಹುದಾ? ತಿಂಗಳಿಗೆ 4 ಡಾಲರ್. ಜಿ ಗೆದ್ದಿತು, ಎಚ್ ಬಿತ್ತು. ಅದೇ ಜನ, ಅದೇ ದಿನ, ಅದೇ ಪೆನ್ನು.

(ಅದೇ ದಿನ ರಾಜ್ಯದ ಮಟ್ಟದಲ್ಲಿ ಶಾಲಾ ಕಾಲೇಜು ಕಟ್ಟಡಗಳಿಗೆ 1,500 ಕೋಟಿ ಡಾಲರ್ ಬಾಂಡ್ ಒಂದಿತ್ತು, ಅದು ಸೋತಿತು. ಅದಕ್ಕೆ ಸಿಕ್ಕಿದ್ದ ನಂಬರ್ ಯಾವುದು ಗೊತ್ತಾ? ಪ್ರೊಪೊಸಿಷನ್ 13. ಎಷ್ಟು ಜನ ಹಳೇ 13 ಅಂದುಕೊಂಡು ಗೀಚಿದರೋ ದೇವರಿಗೇ ಗೊತ್ತು.)

ಹಾಗಾಗಿ ಗಾಜಿನ ಕಟ್ಟಡ ನೋಡಿ ಕಾಲೇಜಿಗೆ ಬೈಯುವವರಿಗೆ ನನ್ನ ಪ್ರಶ್ನೆ ಒಂದೇ. ಮೇಷ್ಟ್ರಿಗೆ ದುಡ್ಡು ಕೊಡ್ತೀರಾ ಅಂತ ಕೇಳಿದಾಗ ನೀವು ಏನು ಒತ್ತಿದಿರಿ?

ಕಾನೂನಿನ ಗೋಡೆಯೊಂದೇ ಕಾರಣ ಅಂತಲೂ ನಾನು ಹೇಳಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನೋಡಿ. ಅಲ್ಲಿನ ಸಿಟಿ ಕಾಲೇಜಿಗೆ ಜನ 2012ರಲ್ಲಿ ಪಾರ್ಸೆಲ್ ಟ್ಯಾಕ್ಸ್ ಕೊಟ್ಟರು. 2016ರಲ್ಲಿ ಅದನ್ನು 99 ಡಾಲರ್‌ಗೆ ಏರಿಸಿ ಮುಂದುವರಿಸಿದರು. 2020ರಲ್ಲಿ ಕಟ್ಟಡಕ್ಕೆ 84.5 ಕೋಟಿ ಡಾಲರ್ ಬಾಂಡನ್ನೂ ಕೊಟ್ಟರು. 2022ರ ಮೇನಲ್ಲಿ ಅದೇ ಕಾಲೇಜು 38 ಮಂದಿ ಪೂರ್ಣಾವಧಿ ಶಿಕ್ಷಕರನ್ನು ಕೆಲಸದಿಂದ ತೆಗೆಯಲು ತೀರ್ಮಾನಿಸಿತು. ಆ ನವೆಂಬರ್‌ನಲ್ಲಿ ಇನ್ನೊಂದು ಪಾರ್ಸೆಲ್ ಟ್ಯಾಕ್ಸ್ ಬ್ಯಾಲೆಟ್‌ಗೆ ಬಂತು. ಅದಕ್ಕೆ ಅರ್ಧದಷ್ಟು ವೋಟೂ ಬೀಳಲಿಲ್ಲ. ಅಂದರೆ ಜನಕ್ಕೆ ನಂಬಿಕೆ ಹೋಗಿತ್ತು. ಮಾನ್ಯತೆ ರದ್ದಾಗುವ ಹಂತಕ್ಕೆ ಹೋಗಿ ಬಂದ ಕಾಲೇಜು ಅದು. ವರ್ಷಗಟ್ಟಲೆ ಲೆಕ್ಕ ಸರಿದೂಗದೆ ಒದ್ದಾಡಿದ ಕಾಲೇಜು. ಕೇಳಿದವರು ಲೆಕ್ಕ ಸರಿಯಾಗಿ ತೋರಿಸದಿದ್ದರೆ ಕೊಡುವ ಕೈಯೂ ಹಿಂದೆ ಸರಿಯುತ್ತದೆ.

ಇನ್ನು ಆ ಹಿಟ್ಟು ಯಾರಿಗೆ ಸಿಗುತ್ತಿಲ್ಲ ಅನ್ನೋದನ್ನು ಹೇಳಿಬಿಡುತ್ತೇನೆ. ನನಗೆ ಅಕೌಂಟಿಂಗ್ ಕಲಿಸಿದ ಮೇಡಂ ಪಾರ್ಟ್‌ಟೈಮ್. ಸಂಜೆ ಆರೂವರೆಗೆ ಕ್ಲಾಸು. ಹೊಸ ಕಟ್ಟಡ, ಚೆಂದದ ಪ್ರೊಜೆಕ್ಟರ್, ಗಾಲಿಯ ಕುರ್ಚಿಗಳು. ಅವರಿಗೆ ಮಾತ್ರ ಆ ಕಟ್ಟಡದಲ್ಲಿ ಒಂದು ಮೇಜಿಲ್ಲ. ನಮಗೆ ಡೌಟು ಬಂದರೆ ವೆಂಡಿಂಗ್ ಮೆಷಿನ್ ಪಕ್ಕದ ಬೆಂಚಿನಲ್ಲಿ ಕೂತು ಹೇಳಿಕೊಡುತ್ತಿದ್ದರು. ಉತ್ತರಪತ್ರಿಕೆಗಳು ಕಾರಿನ ಡಿಕ್ಕಿಯಲ್ಲಿ, ಮೂರು ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ಮೂರು ಕಾಲೇಜಿಗೆ ಮೂರು ಬಣ್ಣದ ಮುಚ್ಚಳ. ಯಾಕೆ ಮೂರು ಕಾಲೇಜು? ಕಾನೂನಿನ ಪ್ರಕಾರ ಒಂದು ಡಿಸ್ಟ್ರಿಕ್ಟ್ ಪಾರ್ಟ್‌ಟೈಮ್ ಶಿಕ್ಷಕರಿಗೆ ಪೂರ್ಣಾವಧಿಯ ಶೇ 67ಕ್ಕಿಂತ ಜಾಸ್ತಿ ಪಾಠ ಕೊಡುವ ಹಾಗಿಲ್ಲ. ಹೊಟ್ಟೆ ತುಂಬಬೇಕಾದರೆ ಇನ್ನೊಂದು ಡಿಸ್ಟ್ರಿಕ್ಟ್‌ಗೆ ಕಾರು ಓಡಿಸಬೇಕು. ಇವರನ್ನು ಇಲ್ಲಿ ಫ್ರೀವೇ ಫ್ಲೈಯರ್ ಅಂತಾರೆ. ತಲೆಲೆಕ್ಕ ಹಾಕಿದರೆ ರಾಜ್ಯದ ಕಮ್ಯುನಿಟಿ ಕಾಲೇಜು ಶಿಕ್ಷಕರಲ್ಲಿ ಸುಮಾರು ಮೂರನೇ ಎರಡು ಭಾಗ ಪಾರ್ಟ್‌ಟೈಮ್‌ನವರೇ. ನಮ್ಮ ಕರ್ನಾಟಕದ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೊಡಿ ಅಂತ ಮತ್ತೆ ಮತ್ತೆ ಧರಣಿ ಕೂರುತ್ತಾರಲ್ಲ, ಅವರಿಗೆ ಈ ಮೇಡಂ ಕಥೆ ಹೇಳಿದರೆ ಹೊಸದು ಅನ್ನಿಸಲಿಕ್ಕಿಲ್ಲ.

ಮುಂದಿನ ಟರ್ಮಿಗೆ ಅವರ ಮುಂದುವರಿದ ಕೋರ್ಸಿಗೆ ಹೆಸರು ಕೊಟ್ಟೆ. ಶುರುವಾಗುವ ವಾರ ಇಮೇಲ್ ಬಂತು, ಜನ ಸಾಲದು, ರದ್ದು. ನನಗೆ ಆರು ತಿಂಗಳು ತಡವಾಯಿತು, ಅಷ್ಟೇ. ಅವರಿಗೆ ಆ ಕ್ಲಾಸಿನ ಸಂಬಳ ಪೂರ್ತಿ ಹೋಯಿತು.

ಕಾಲೇಜಿನ ಬೋರ್ಡುಗಳ ಮೇಲೂ ನನಗೆ ತಕರಾರಿದೆ. ಪೂರ್ತಿ ಅವರ ಪರ ವಕಾಲತ್ತು ಅಂದುಕೊಳ್ಳಬೇಡಿ. ಬಾಂಡ್ ದುಡ್ಡಲ್ಲಿ ಕಟ್ಟಡ ಎದ್ದು ನಿಲ್ಲುತ್ತದೆ, ಸರಿ. ಅದರ ಎಸಿ, ದೀಪ, ಲಿಫ್ಟು, ಬಾತ್‌ರೂಮ್ ತೊಳೆಯುವವರ ಸಂಬಳ? ಅದೆಲ್ಲ ಬರಬೇಕಾದದ್ದು ಮೊದಲನೇ ಖಾತೆಯಿಂದ. ಅಂದರೆ ಹೊಸ ಕಟ್ಟಡ ಎದ್ದಷ್ಟೂ ಮೇಷ್ಟ್ರ ಖಾತೆ ಮೇಲೆ ಭಾರ. ಕ್ಯಾಂಪಸ್ ಸುಧಾರಣೆ ಯೋಜನೆ ಅಂತ ಹೊಳೆಯುವ ಕಾಗದದಲ್ಲಿ ಪುಸ್ತಕ ಮಾಡುತ್ತಾರೆ. ನೆರಳಲ್ಲಿ ಕೂತ ವಿದ್ಯಾರ್ಥಿಗಳ ಚಿತ್ರ ಇರುತ್ತದೆ. ಈ ಕಟ್ಟಡ ನಡೆಸೋಕೆ ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನೋ ಒಂದು ಸಾಲು ಹುಡುಕಬೇಕು. ಅದು ಬ್ಯಾಲೆಟ್ ಪುಸ್ತಿಕೆಯಲ್ಲೇ ಇರಬೇಕು ಅಂತ ನನ್ನ ಅಭಿಪ್ರಾಯ.

ಡಿ ಆಂಜಾದ ಫ್ಲಿಂಟ್ ಸೆಂಟರ್ ನೆನಪಿದೆಯಾ? 1971ರಲ್ಲಿ ತೆರೆದ ದೊಡ್ಡ ಸಭಾಂಗಣ. 1984ರ ಜನವರಿಯಲ್ಲಿ ಆ್ಯಪಲ್‌ನವರು ಮ್ಯಾಕಿಂಟಾಷ್ ಬಿಡುಗಡೆ ಮಾಡಿದ್ದು ಅಲ್ಲೇ. 2019ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿದರು. ದುರಸ್ತಿಗೆ ಆಗುವ ಖರ್ಚು ಅಷ್ಟಿತ್ತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದು ಅದೇ ಊರಲ್ಲಿದ್ದೂ, ಒಂದು ಸಭಾಂಗಣ ಉಳಿಯಲಿಲ್ಲ.

ಹಾಗಂತ ಕಟ್ಟಡವೇ ಬೇಡ ಅನ್ನೋದು ಮೂರ್ಖತನ. ಇಲ್ಲಿನ ಎಷ್ಟೋ ಕ್ಯಾಂಪಸ್‌ಗಳು ಐವತ್ತು, ಅರವತ್ತರ ದಶಕದವು. ಭೂಕಂಪದ ಜಾಗ ಇದು. ನರ್ಸಿಂಗ್ ಓದುವವರಿಗೆ ಇವತ್ತಿನ ಲ್ಯಾಬು ಬೇಡವಾ? 2024ರಲ್ಲಿ ರಾಜ್ಯದ ಜನ 1,000 ಕೋಟಿ ಡಾಲರ್ ಬಾಂಡ್ ಪಾಸು ಮಾಡಿದರು, ಅದರಲ್ಲಿ 150 ಕೋಟಿ ಕಮ್ಯುನಿಟಿ ಕಾಲೇಜಿಗೆ. ನಾನೂ ಹೌದು ಅಂತಲೇ ಒತ್ತಿದೆ.

ಪಾರ್ಸೆಲ್ ಟ್ಯಾಕ್ಸ್ ಬಗ್ಗೆ ಒಂದು ಆಕ್ಷೇಪ ನ್ಯಾಯವಾದದ್ದು. ಎಲ್ಲರಿಗೂ ಒಂದೇ ಮೊತ್ತ ಅಂದರೆ ಎರಡು ರೂಮಿನ ಫ್ಲ್ಯಾಟಿಗೂ 48 ಡಾಲರ್, ಪಾರ್ಕಿಂಗೇ ಹತ್ತು ಎಕರೆ ಇರುವ ಕಂಪನಿಯ ಜಾಗಕ್ಕೂ 48. ಇದು ಸರಿಯಲ್ಲ. ಅಳತೆಗೆ ತಕ್ಕಂತೆ ಹಾಕಲಿ. ಆದರೆ ಈ ನ್ಯಾಯದ ಮಾತಾಡಿ ಇಲ್ಲ ಅಂದವರಲ್ಲಿ ಎಷ್ಟು ಜನ ಆಮೇಲೆ ಬೋರ್ಡಿಗೆ ಒಂದು ಪತ್ರ ಬರೆದರು?

ಡಿಸೆಂಬರ್ 10ಕ್ಕೂ ಏಪ್ರಿಲ್ 10ಕ್ಕೂ ಆಸ್ತಿ ತೆರಿಗೆ ಕಂತು ಕಟ್ಟುವಾಗ ಆ ಬಿಲ್ಲನ್ನು ಒಂದು ಸಲ ಕಣ್ಣು ಹಾಯಿಸಿ ನೋಡಿ. ಶೇ 1ರ ಕೆಳಗೆ ಬಾಂಡುಗಳ ಸಾಲು, ಅದರಲ್ಲಿ ನಿಮ್ಮ ಕಾಲೇಜಿನ ಹೆಸರೂ ಇರುತ್ತದೆ. ಅದರ ಕೆಳಗೆ ಪಾರ್ಸೆಲ್ ಟ್ಯಾಕ್ಸ್‌ಗಳು. ಅಲ್ಲಿ ಕಾಲೇಜಿನ ಹೆಸರು ಇದೆಯಾ ಅಂತ ನೋಡಿ. ಆಮೇಲೆ ಜಗಳ ಆಡೋಣ.

ಇನ್ನೊಂದು ಮಾತು. ಪ್ರೊಪೊಸಿಷನ್ 39ರ ಬಾಂಡ್ ಇರುವ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಖರ್ಚು ನೋಡಿಕೊಳ್ಳಲು ನಾಗರಿಕರ ಸಮಿತಿ ಇರಲೇಬೇಕು. ಕನಿಷ್ಠ 7 ಜನ. ಕಾಲೇಜಿನ ನೌಕರರು, ಗುತ್ತಿಗೆದಾರರು ಅದರಲ್ಲಿರುವ ಹಾಗಿಲ್ಲ. ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನಮ್ಮ ಗ್ರೂಪಿನಲ್ಲಿ ಸಿಎ ಮಾಡಿದವರಿದ್ದಾರೆ, ಸಿವಿಲ್ ಎಂಜಿನಿಯರುಗಳಿದ್ದಾರೆ, ರಿಟೈರಾಗಿ ಬೆಳಗ್ಗೆ ಗುಡ್ ಮಾರ್ನಿಂಗ್ ಕಳಿಸುವವರಂತೂ ಧಾರಾಳವಾಗಿದ್ದಾರೆ. ಯಾವ ಡಿಸ್ಟ್ರಿಕ್ಟ್‌ನಲ್ಲಿದ್ದೀರಿ ಅಂತ ಕಾಮೆಂಟಿನಲ್ಲಿ ಹೇಳಿ. ಮುಂದಿನ ಸಭೆ ಯಾವತ್ತು ಅಂತ ಹುಡುಕಿ ಹೇಳುವ ಕೆಲಸ ನನ್ನದು.