ಹೇಳದೆ ಬಾ, ಎದೆನೋವೇ

ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು ಅಮೆರಿಕದ ಸ್ಯಾನ್ ಹೋಸೆಗೆ ಹೊರಟರು. ಸರಿಯಾಗಿ ಹೇಳಬೇಕೆಂದರೆ ಹೊರಟವರು ಅವರ ಮನೆಯವರು, ಮಗಳ ಬಾಣಂತನಕ್ಕೆ. 71ರ ಮೇಷ್ಟ್ರು ಜೊತೆಗಿದ್ದ ಲಗೇಜು. ತಲಾ 23 ಕಿಲೋದ ನಾಲ್ಕು ಸೂಟ್‌ಕೇಸಿಗೆ ಅಂಟಿನುಂಡೆ, ಬಾಣಂತಿ ಖಾರ, ಮೆಂತ್ಯದ ಹಿಟ್ಟು, ಅರಳು ಸಂಡಿಗೆ ತುಂಬುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಕೊಕ್ಕೆ ತಕ್ಕಡಿಗೆ ತೂಗುಹಾಕುವುದು, ಇನ್ನೂರು ಗ್ರಾಂ ಹೆಚ್ಚಾಯಿತೆಂದು ಹಪ್ಪಳ ತೆಗೆಯುವುದು, ಮನಸ್ಸು ತಡೆಯದೆ ಮತ್ತೆ ತುರುಕುವುದು. ಆರೋಗ್ಯ ವಿಮೆಗೆ ಹಿಡಿದದ್ದು ಹನ್ನೊಂದು ನಿಮಿಷ. ಹೊರಡುವ ಹಿಂದಿನ ರಾತ್ರಿ ಅಳಿಯ ಅಲ್ಲಿಂದಲೇ ಕೊಂಡು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ.

ಕಳಿಸಬಾರದಿತ್ತು. ಮೇಷ್ಟ್ರು ಅದನ್ನು ಓದಿಬಿಟ್ಟರು.

ಮೂವತ್ತೈದು ವರ್ಷ ಸಂಧಿ ಸಮಾಸ ಬಿಡಿಸಿದ ಕಣ್ಣು ಪಾಲಿಸಿಯ ಸಣ್ಣಕ್ಷರಕ್ಕೆ ಹೆದರೀತೇ? ಮೊದಲೇ ಇರುವ ಕಾಯಿಲೆಗೆ ವಿಮೆ ಇಲ್ಲ ಎಂದಿತ್ತು. ಮೇಷ್ಟ್ರಿಗೆ ಬಿಪಿ, ಶುಗರು, ಒಂದು ಸ್ಟೆಂಟು. ಈ ವಯಸ್ಸಿಗೆ ಮೊದಲೇ ಇರದ ಕಾಯಿಲೆ ಅಂತ ಹುಡುಕಿದರೆ ಉಳಿದಿರುವುದು ಹಲ್ಲು ಮೊಳೆಯುವ ಜ್ವರ ಮತ್ತು ಹೆರಿಗೆ ನೋವು.

ಒಂದು ಕೃಪೆಯುಂಟು. ಹಳೆಯ ಕಾಯಿಲೆ ಏಕಾಏಕಿ ಕೆರಳಿದರೆ ಕೊಡುತ್ತಾರೆ. ಅದಕ್ಕೆ ಅಕ್ಯೂಟ್ ಆನ್‌ಸೆಟ್ ಎಂದು ಹೆಸರು. ಆದರೆ ಅದು ಯಾವ ಮುನ್ಸೂಚನೆಯೂ ಇಲ್ಲದೆ ಬಂದಿರಬೇಕು. ಸಾಮಾನ್ಯವಾಗಿ, ಬಂದ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. ಕೆಲವು ಪಾಲಿಸಿಗಳಲ್ಲಿ ಈ ಕೃಪೆ 70ಕ್ಕೆ ಮುಗಿಯುತ್ತದೆ, ಕೆಲವಲ್ಲಿ 80ಕ್ಕೆ. ಕಾಯಿಲೆ ಯಾವಾಗ ಶುರುವಾಗುತ್ತದೋ ಆಗ ಎನ್ನಿ.

ರಾತ್ರಿ ಹನ್ನೊಂದಕ್ಕೆ ಅಳಿಯನಿಗೆ ವಿಡಿಯೋ ಕಾಲ್.

‘ಮೂರು ದಿನದಿಂದ ಎದೆ ಹಿಡಿದ ಹಾಗಿತ್ತು, ಇವತ್ತು ಜೋರಾಯ್ತು ಅಂತ ಡಾಕ್ಟರಿಗೆ ನಿಜ ಹೇಳಿದರೆ?’

‘ಹಾಗೆಲ್ಲ ಹೇಳಬಾರದು ಮಾವ. ಅದು ಸೂಚನೆ ಆಗುತ್ತೆ.’

‘ಅಂದರೆ ಎದೆನೋವು ಅತಿಥಿ ಆಗಿರಬೇಕು ಅನ್ನಿ. ತಿಥಿ ತಿಳಿಸದೆ ಬರುವವನೇ ಅತಿಥಿ.’

‘ಹೂಂ ಮಾವ.’

‘ತಿಥಿ ತಿಳಿಸಿ ಬಂದರೆ?’

ಅಳಿಯನ ಕಡೆ ನೆಟ್‌ವರ್ಕ್ ಹೋಯಿತು.

ದೇಶಗಳ ತರ್ಕವೂ ಇದಕ್ಕೇನು ಕಮ್ಮಿಯಿಲ್ಲ. ಯುರೋಪಿನ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ತೋರಿಸಬೇಕು. ಅಪ್ಪ ಅಮ್ಮಂದಿರಿಗೆಂದು ಕೆನಡಾ ಕೊಡುವ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ವಿಮೆ. ಆಸ್ಪತ್ರೆ ಬಿಲ್ಲಿಗೆ ಲೋಕಪ್ರಸಿದ್ಧವಾದ ಅಮೆರಿಕ ಮಾತ್ರ ಪ್ರವಾಸಿ ವೀಸಾಕ್ಕೆ ವಿಮೆಯ ಮಾತೆತ್ತುವುದಿಲ್ಲ. ನರಮೇಧದಲ್ಲಿ ಭಾಗಿಯಾಗಿದ್ದಿರಾ, ಭಯೋತ್ಪಾದನೆಯ ಉದ್ದೇಶ ಉಂಟೇ ಎಂದೆಲ್ಲ ಅದರ ಅರ್ಜಿ ನಮ್ಮ ಮೇಷ್ಟ್ರನ್ನು ವಿಚಾರಿಸಿತು. ಸ್ಟೆಂಟಿನ ಖರ್ಚು ಯಾರದು ಎಂದು ಕೇಳಲಿಲ್ಲ. ಅಲ್ಲಿನ 65 ದಾಟಿದವರಿಗೆ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಉಂಟು. ಮೊಮ್ಮಗುವಿಗೆ ಎಣ್ಣೆ ನೀರು ಎರೆಯಲು ಹೋದ ಅಜ್ಜಿಗೆ ಇಲ್ಲ.

ನಮ್ಮವರೇನು ಸಾಮಾನ್ಯರೇ? ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿಯೊಂದಿಗೆ ಕೈಚೀಲದಲ್ಲೇ ಒಯ್ಯಬೇಕು ಎಂಬುದು ಸರಿಯಾದ ಸಲಹೆಯೇ. ಹಾಗಾಗಿ ಕಸ್ಟಮ್ಸ್‌ನವರಿಗೆ ತೋರಿಸಲು ಕಾಯಿಲೆ ಉಂಟು ಎನ್ನುವ ಚೀಟಿ, ವಿಮೆಯವರಿಗೆ ತೋರಿಸಲು ಕಾಯಿಲೆ ಇಲ್ಲದ ಮುಖ. ದೇವನಹಳ್ಳಿಯ ಏರ್‌ಪೋರ್ಟಿಗೆ ರಾತ್ರಿ ಹೋಗಿ ನೋಡಿ: ಬೆಳಿಗ್ಗೆಯಷ್ಟೇ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿ, ದಾರಿಯಲ್ಲಿ ದೋಸೆಯನ್ನೂ ತಿಂದು ಬಂದ ಹಿರಿಯರು ಸಾಲಾಗಿ ವೀಲ್‌ಚೇರಿನಲ್ಲಿ ಕೂತಿರುತ್ತಾರೆ. ನಿಜಕ್ಕೂ ನಡೆಯಲಾಗದವರು ಕುರ್ಚಿ ಖಾಲಿಯಾಗಲೆಂದು ಗೋಡೆ ಹಿಡಿದು ನಿಂತಿರುತ್ತಾರೆ. ಕೂತವರ ತೊಂದರೆ ಮಂಡಿಯದಲ್ಲ, ಇಮಿಗ್ರೇಷನ್‌ನವನ ಇಂಗ್ಲಿಷಿನದು. ಮೇಷ್ಟ್ರೂ ಕೂತರು. ವಿಮಾನ ಇಳಿಯುವ ತನಕ ರೋಗಿ, ಇಳಿದ ಮೇಲೆ ಆರು ತಿಂಗಳು ನಿರೋಗಿ.

ಹೋಗಿ ಹತ್ತು ದಿನದ ಮೇಲೆ, ಹೇಗಿದ್ದೀರಿ ಸಾರ್ ಎಂದು ಮೆಸೇಜು ಹಾಕಿದೆ. ‘ಎಡಗೈ ಏನೋ ಸೂಚನೆ ಕೊಡ್ತಿದೆ. ಕೇಳಿಸದವನ ಹಾಗೆ ಇದ್ದೀನಿ’ ಎಂದು ಉತ್ತರ ಬಂತು. ಅರ್ಧ ಗಂಟೆ ಬಿಟ್ಟು ನೋಡಿದರೆ ಆ ಮೆಸೇಜನ್ನೂ ಅಳಿಸಿಹಾಕಿದ್ದರು.