ಗಾಯದ ಜಾಗದ ಪಕ್ಕ ಮಸೀದಿ: ಕಟ್ಟಬಹುದಾ, ಬೇಡವಾ?

2001ರ ಸೆಪ್ಟೆಂಬರ್ 11ರಂದು ಉರುಳಿದ ನ್ಯೂಯಾರ್ಕಿನ ಅವಳಿ ಗೋಪುರಗಳ ಜಾಗದಿಂದ ಎರಡೇ ಬ್ಲಾಕ್ (ಅಂದರೆ ಎರಡು ಬೀದಿ) ದೂರದಲ್ಲಿ ಇಸ್ಲಾಮಿಕ್ ಕೇಂದ್ರ ಕಟ್ಟಲು ಹೊರಟಾಗ, 2010ರಲ್ಲಿ ಅಮೆರಿಕ ಇಬ್ಭಾಗವಾಯಿತು. ಕೊಡಗಿನಲ್ಲಿ ಕೂತು ಓದಿದರೆ ಅದು ದೂರದ ಜಗಳ ಅನ್ನಿಸುವುದಿಲ್ಲ. ಹಾಗಾಗಿ ಇಲ್ಲಿಯ ಇಬ್ಬರ ಮಾತು.

ಪರ

ಕಟ್ಟಲು ಹೊರಟದ್ದು ಏನು? 13 ಅಂತಸ್ತು. ಈಜುಕೊಳ, ಸಭಾಂಗಣ, ಅಡುಗೆ ಶಾಲೆ, ಜೊತೆಗೆ ನಮಾಜಿಗೆ ಜಾಗ. ಮೊದಲು ಅಲ್ಲಿ ಕೋಟು ಮಾರುವ ಅಂಗಡಿ ಇತ್ತು. ದಾಳಿಯ ದಿನ ವಿಮಾನದ ಚಕ್ರದ ಭಾಗ ಸೂರು ತೂತು ಮಾಡಿಕೊಂಡು ಒಳಗೆ ಬಿತ್ತು. ಆಮೇಲೆ ವರ್ಷಗಟ್ಟಲೆ ಕಟ್ಟಡ ಖಾಲಿ. ಆಗ ಯಾರಿಗೂ ಅದು ಪವಿತ್ರ ಅನ್ನಿಸಿರಲಿಲ್ಲ!

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲೇ ಹತ್ತಿರದಲ್ಲಿ ಮಸ್ಜಿದ್ ಮ್ಯಾನ್‌ಹಟನ್ 1970ರಿಂದಲೂ ಇತ್ತು. ಅವಳಿ ಗೋಪುರಗಳ ಉದ್ಘಾಟನೆ ಆದದ್ದೇ 1973ರಲ್ಲಿ. ಎರಡು ಬ್ಲಾಕ್ ಹತ್ತಿರ ಆಯಿತು ಅನ್ನುವವರು ಎಷ್ಟು ಬ್ಲಾಕ್ ಸಾಕು ಅಂತ ಹೇಳಬೇಕಲ್ವಾ? ಆ ಬಡಾವಣೆಯ ಸಲಹಾ ಮಂಡಳಿಯಾದ ಕಮ್ಯುನಿಟಿ ಬೋರ್ಡೇ 29–1 ಮತಗಳಿಂದ ಬೆಂಬಲ ಕೊಟ್ಟಿತ್ತು. ಗಲಾಟೆ ಜಾಸ್ತಿ ಮಾಡಿದವರು ಹೊರಗಿನವರು.

ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಸಲ್ಮಾನ್ ಹಮ್ದಾನಿ 23ರ ಹುಡುಗ, ಪೊಲೀಸ್ ಕೆಡೆಟ್. ಗೋಪುರದಲ್ಲಿ ಸಿಕ್ಕಿಕೊಂಡವರಿಗೆ ನೆರವಾಗಲು ಹೋಗಿ ಸತ್ತ. ಅವಶೇಷ ಸಿಗುವ ತನಕ ಅವನ ಮೇಲೇ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ನಮ್ಮಲ್ಲೂ ಅಷ್ಟೆ. ಇನ್ನೂರು ವರ್ಷದ ಹಿಂದೆ ಟಿಪ್ಪು ಸುಲ್ತಾನ ಕೊಡಗಿನಲ್ಲಿ ಮಾಡಿದ್ದಕ್ಕೆ ಇವತ್ತು ವಿರಾಜಪೇಟೆಯಲ್ಲಿ ಅಂಗಡಿ ಇಟ್ಟವನು ಯಾಕೆ ಉತ್ತರ ಕೊಡಬೇಕು? ಕೊಡವ ಮನೆ ಹೆಸರನ್ನು ಇಂದಿಗೂ ಉಳಿಸಿಕೊಂಡಿರುವ ಜಮ್ಮಾ ಮಾಪಿಳ್ಳೆ ಮುಸ್ಲಿಮರನ್ನು ಯಾವ ಕಡೆ ನಿಲ್ಲಿಸುತ್ತೀರಿ? ಎಮ್ಮೆಮಾಡಿನ ದರ್ಗಾದ ಉರೂಸಿಗೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ನೋಡಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಟಿಪ್ಪು ಸತ್ತು ಇಪ್ಪತ್ತೊಂದು ವರ್ಷ ಆಗಿತ್ತು ಅಷ್ಟೆ. ರಾಜನಿಗೆ ಆ ಗುಮ್ಮಟ ಶತ್ರುವಿನದು ಅನ್ನಿಸಲಿಲ್ಲ.

ವಿರೋಧ

ಕಟ್ಟುವ ಹಕ್ಕು ಇತ್ತು, ಒಪ್ಪಿದೆ. ಆ ಹಕ್ಕನ್ನು ಎತ್ತಿಹಿಡಿದ ಒಬಾಮಾ ಕೂಡ ಮಾರನೇ ದಿನ, ಅಲ್ಲಿ ಕಟ್ಟುವುದು ಜಾಣತನವೋ ಅಲ್ಲವೋ ಅಂತ ನಾನು ಹೇಳುತ್ತಿಲ್ಲ ಅಂದುಬಿಟ್ಟರು. ನನ್ನ ತಕರಾರು ಇರುವುದು ಅಲ್ಲೇ.

ಗೋಪುರಗಳ ಮೇಲಿನ ದಾಳಿಯಲ್ಲಿ ಸತ್ತವರು 2,753 ಜನ. ಸಾವಿರಕ್ಕೂ ಹೆಚ್ಚು ಮನೆಗಳಿಗೆ ಮಣ್ಣು ಮಾಡಲು ಒಂದು ಮೂಳೆಯ ಚೂರೂ ಸಿಗಲಿಲ್ಲ. ಐನ್‌ಮನೆಯ (ಕುಲದ ಮೂಲಮನೆಯ) ಕೈಮಡದಲ್ಲಿ, ಅಂದರೆ ಹಿರಿಯರ ಗುಡಿಯಲ್ಲಿ ದೀಪ ಹಚ್ಚಿ, ಬಾಳೆ ಎಲೆಯಲ್ಲಿ ಕೋಳಿ ಮಾಂಸ, ಪಕ್ಕದಲ್ಲಿ ಒಂದು ಲೋಟ ಸಾರಾಯಿ ಇಟ್ಟು ಕಾರಣರನ್ನು, ಸತ್ತ ಹಿರಿಯರನ್ನು, ಕರೆಯುವ ಕೊಡವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಆ ತಾಯಂದಿರಿಗೆ ಇಡೀ ಪ್ರದೇಶವೇ ಸಮಾಧಿ. ಎಷ್ಟು ಬ್ಲಾಕ್ ಅಂತ ಅಳೆಯಲು ನನ್ನ ಹತ್ತಿರ ಟೇಪ್ ಇಲ್ಲ. ಅವರ ಹತ್ತಿರವೂ ಇಲ್ಲ.

ದೇವಟ್‌ಪರಂಬಿನ ಹೆಸರು ಎತ್ತಿದರೆ ನಮ್ಮ ಹಿರಿಯರ ಮುಖ ಬದಲಾಗುತ್ತದೆ. ಟಿಪ್ಪು ಸೈನ್ಯ ಮೋಸದಿಂದ ಕೊಡವರನ್ನು ಕೊಂದ ಜಾಗ ಅದು ಅನ್ನುವ ನೆನಪು ಇನ್ನೂರು ವರ್ಷ ದಾಟಿದರೂ ಆರಿಲ್ಲ. ಸಂಖ್ಯೆಯ ಬಗ್ಗೆ ಇತಿಹಾಸಕಾರರು ಜಗಳವಾಡಲಿ. 2015ರಲ್ಲಿ ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಗಲಾಟೆಯಾಗಿ ಜೀವ ಹೋಯಿತಲ್ಲ, ಅದು ಸಂಖ್ಯೆಗೆ ಆದದ್ದಲ್ಲ. ನೊಂದವರನ್ನು ಕೇಳದೆ ಮೇಲಿನಿಂದ ತೀರ್ಮಾನ ಮಾಡಿದ್ದಕ್ಕೆ.

ಇದು ಮುಸ್ಲಿಮರಿಗೆ ಮಾತ್ರ ಹೇಳುವ ಮಾತೂ ಅಲ್ಲ. ಪೋಲೆಂಡಿನ ಆಶ್‌ವಿಟ್ಜ್‌ನಲ್ಲಿ ಯಹೂದಿಗಳನ್ನು ಕೊಂದ ಶಿಬಿರಕ್ಕೆ ಅಂಟಿಕೊಂಡೇ 1984ರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ಮಠ ಮಾಡಿಕೊಂಡಿದ್ದರು. ಸತ್ತವರಿಗಾಗಿ ಪ್ರಾರ್ಥಿಸಲು ಬಂದವರು, ತಪ್ಪೇನೂ ಮಾಡಿರಲಿಲ್ಲ. ಆದರೂ ಯಹೂದಿಗಳ ನೋವು ಕಂಡು 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಬೇರೆಡೆಗೆ ಹೋಗಿ ಅಂದರು. ಹೋದರು. ಯಾರ ಮಾನವೂ ಹೋಗಲಿಲ್ಲ.

ಇಸ್ಲಾಮನ್ನೇ ಬೈಯುವ ಬೋರ್ಡು ಹಿಡಿದು ಬೀದಿಗಿಳಿದವರ ಸಾಲಿನಲ್ಲಿ ದಯವಿಟ್ಟು ನನ್ನನ್ನು ನಿಲ್ಲಿಸಬೇಡಿ. ಸಲ್ಮಾನ್ ಹಮ್ದಾನಿಯ ತಾಯಿಯ ನೋವೂ ನೋವೇ. ಆಗಿನ ನ್ಯೂಯಾರ್ಕ್ ಗವರ್ನರ್ ಪ್ಯಾಟರ್ಸನ್, ಬೇರೆ ಕಡೆ ಸರ್ಕಾರಿ ಜಾಗ ಹುಡುಕಲು ಸಹಾಯ ಮಾಡುತ್ತೇನೆ ಅಂದಿದ್ದರು. ಕಟ್ಟುವವರು ಬೇಡ ಅಂದರು. ಕೊನೆಗೆ ಆ ಯೋಜನೆ ಕಾಗದದಲ್ಲೇ ಉಳಿಯಿತು. ಅಲ್ಲಿ ಎದ್ದದ್ದು ದುಡ್ಡಿದ್ದವರ ಫ್ಲ್ಯಾಟುಗಳು.