ಅಬೈಡ್, ಅಬೋಡ್: ಯಾರಿಗಾಗಿ ಈ ಜಪ?

ಪಕ್ಕದ ಮನೆಯ ಹುಡುಗಿ ನಿನ್ನೆ ಸಂಜೆ ಜಗುಲಿಯ ಮೇಲೆ ಕುಳಿತು ಇಂಗ್ಲಿಷ್ ಕ್ರಿಯಾಪದಗಳ ಪಟ್ಟಿಯನ್ನು ಹತ್ತು ಸಲ ಬರೆಯುತ್ತಿದ್ದಳು: ಮೂಲರೂಪ, ಭೂತಕಾಲ, ಭೂತಕೃದಂತ ಎಂದು ಮೂರು ಕಾಲಂ, ಅಕಾರಾದಿಯಾಗಿ. ಎಂಟನೆಯ ತರಗತಿ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದಕ್ಕೆ ಶಿಕ್ಷೆಯಂತೆ. ಮೊದಲ ಸಾಲೇ ಅಬೈಡ್, ಅಬೋಡ್! "ಹಾಗೆಂದರೆ ಏನಮ್ಮ?" ಎಂದೆ. "ಗೊತ್ತಿಲ್ಲ ಆಂಟಿ. ಮುಂದಿನದು ಅರೈಸ್" ಎಂದಳು. ಸೋಮವಾರ ಶಾಲೆಗೆ ಹೋಗಲಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ ತಡವರಿಸದೆ ಉತ್ತರ ಬಂತು: "ಐ ಡಿಡ್ ನಾಟ್ ವೆಂಟ್."

ನಾನು ಅರ್ಧ ಆಯುಷ್ಯ ಸೀಮೆಸುಣ್ಣ ಹಿಡಿದವಳು, ನಿಮಗೆ ಗೊತ್ತೇ ಇದೆ. ನನ್ನ ಸಿಟ್ಟು ಬಾಯಿಪಾಠದ ಮೇಲಲ್ಲ, ಆ ಅಕಾರಾದಿಯ ಮೇಲೆ. ಅಕಾರಾದಿ ಇರುವುದು ಹುಡುಕುವುದಕ್ಕೆ. ನೆನಪಿಡುವುದಕ್ಕೆ ಅದರಿಂದ ಚಿಕ್ಕಾಸಿನ ಉಪಯೋಗವಿಲ್ಲ. ಸಿಂಗ್, ರಿಂಗ್, ಡ್ರಿಂಕ್, ಸ್ವಿಮ್ ಒಂದೇ ರಾಗದವು: ಸ್ಯಾಂಗ್, ರ್‍ಯಾಂಗ್, ಡ್ರ್ಯಾಂಕ್, ಸ್ವ್ಯಾಮ್. ಅವನ್ನು ಪಟ್ಟಿಯ ನಾಲ್ಕು ಮೂಲೆಗೆ ಎಸೆದವರು ಯಾರು? ಕೀಪ್, ಸ್ಲೀಪ್, ವೀಪ್, ಸ್ವೀಪ್ ಕೂಡಿಸಿದರೆ ಕೆಪ್ಟ್, ಸ್ಲೆಪ್ಟ್, ವೆಪ್ಟ್, ಸ್ವೆಪ್ಟ್ ತಾವಾಗಿಯೇ ಬರುತ್ತವೆ. ಕಟ್, ಪುಟ್, ಹಿಟ್, ಶಟ್ ಅಂತೂ ಮೂರು ಕಾಲಂನಲ್ಲೂ ಒಂದೇ ರೂಪ, ಪುಕ್ಕಟೆ. ಸ್ಲೇ, ಸ್ಲ್ಯೂ, ಸ್ಲೇನ್ ಆಮೇಲೆ ನೋಡೋಣ. ಎಂಟನೆಯ ತರಗತಿಯ ಮಗು ಯಾರನ್ನು ವಧಿಸಬೇಕಾಗಿದೆ?

ಮೊದಲು ಬೇಕಾದವು ಗೋ, ಕಮ್, ಸೇ, ಗೆಟ್, ಟೇಕ್, ಸೀ. ದಿನವೂ ಬಳಕೆಯಾಗುವ ಕ್ರಿಯಾಪದಗಳೇ ಹೆಚ್ಚಾಗಿ ಹೀಗೆ ವಕ್ರ, ಅಂದರೆ 'ಎಡ್' ಹಚ್ಚಿಕೊಳ್ಳದೆ ಭೂತಕಾಲಕ್ಕೆ ತಿರುಗುವವು. ಅಪರೂಪದವು ಎಷ್ಟೋ ಕಾಲಕ್ರಮೇಣ 'ಎಡ್' ಪ್ರತ್ಯಯಕ್ಕೆ ಶರಣಾದವು. ಹಳೆಯ ಇಂಗ್ಲಿಷಿನ 177 ವಕ್ರ ಕ್ರಿಯಾಪದಗಳನ್ನು ಎಣಿಸಿ ನೋಡಿದ 2007ರ ಅಧ್ಯಯನವೊಂದರ ಪ್ರಕಾರ ಇಂದಿಗೂ ಹಾಗೆಯೇ ಉಳಿದವು 98. ಬಾಯಲ್ಲಿ ಆಡುತ್ತಿದ್ದುದರಿಂದಲೇ ಉಳಿದ ಪದಗಳನ್ನು ನಾವು ಬಾಯಿ ಮುಚ್ಚಿಸಿ ಬರೆಸುತ್ತೇವೆ! ಕನ್ನಡದಲ್ಲೂ ಅಷ್ಟೇ: ನೋಡು-ನೋಡಿದ ಆದರೂ ಕೊಡು-ಕೊಟ್ಟ. ಬೀಳು-ಬಿದ್ದ, ಏಳು-ಎದ್ದ, ನಗು-ನಕ್ಕ. ಇವನ್ನು ನಮ್ಮಲ್ಲಿ ಯಾರಾದರೂ ಹತ್ತು ಸಲ ಬರೆದು ಕಲಿತೆವೇ?

"ನಾವೂ ಪಟ್ಟಿ ಉರು ಹೊಡೆದೇ ಕಲಿತೆವು" ಎಂದು ಈಗ ಕೆಲವರು ಬರುತ್ತೀರಿ. ಕಲಿತಿರಿ, ಸಂತೋಷ. ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಬೇಕಾದಾಗ ಗಂಟಲು ಕಟ್ಟುವುದೂ ನಮ್ಮ ತಲೆಮಾರಿಗೇ. ರಾಗ ಹಿಡಿದು ಕಲಿಸಿದರೆ ಮಕ್ಕಳು ಬ್ರಿಂಗ್‌ಗೆ 'ಬ್ರ್ಯಾಂಗ್' ಎನ್ನುವುದಿಲ್ಲವೇ? ಹೌದು, ಎನ್ನುತ್ತಾರೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಹಾಗೆ ಅನ್ನುತ್ತಾರೆ, ಕೇಳುತ್ತ ಕೇಳುತ್ತ ತಿದ್ದಿಕೊಳ್ಳುತ್ತಾರೆ. ಬ್ರಾಟ್, ಥಾಟ್, ಬಾಟ್, ಕಾಟ್, ಟಾಟ್ ಎಂದು ಅದಕ್ಕೂ ಒಂದು ಬಳಗವಿದೆ.

ಹತ್ತು ಸಲದ ಬದಲು ಆ ದಿನ ನಡೆದದ್ದನ್ನು ರಾತ್ರಿ ಐದು ವಾಕ್ಯ ಬರೆಸಿ, ಅದರಲ್ಲಿ ಎರಡು 'ಡಿಡ್ ನಾಟ್' ಇರಲಿ. ಡಿಡ್ ಬಂದ ಮೇಲೆ ಗೋ ಗೋ ಆಗಿಯೇ ಉಳಿಯುತ್ತದೆ ಎಂಬುದು ಯಾವ ಮೂರು ಕಾಲಂನಲ್ಲೂ ಇಲ್ಲ.

ಲೈ-ಲೇ-ಲೇನ್ (ಮಲಗು), ಲೇ-ಲೇಡ್-ಲೇಡ್ (ಇಡು) ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ಆ ಜೋಡಿ ಎದುರಾಗುವ ಸೂಚನೆ ಕಂಡರೆ ನಾನು ವಾಕ್ಯವನ್ನೇ ತಿರುಗಿಸಿ, 'ಸ್ಲೆಪ್ಟ್' ಎಂದು ಬರೆದು ಪಾರಾಗುತ್ತೇನೆ.